ಪಲ್ಪರ್ ನಿಲ್ಲಿಸುವ ಕ್ರಮ

ಚಿಕ್ಕಯ್ಯನಿಗೆ ಮಾತು ಇರಲಿಲ್ಲ. ಮೂಗನೇನಲ್ಲ, ಆಡುತ್ತಿರಲಿಲ್ಲ ಅಷ್ಟೆ. ಮೂಡಿಗೆರೆ ಹತ್ತಿರದ ಒಂದು ಎಸ್ಟೇಟಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಪಲ್ಪರ್ ಮನೆ ನೋಡಿಕೊಂಡವನು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಮೆಷಿನ್ ಓಡುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಅಲ್ಲಿ ಎಲ್ಲಾ ಕೈಸನ್ನೆ. ಮನೆಯಲ್ಲೂ ಅವನು ಅಷ್ಟರಲ್ಲೇ ಮುಗಿಸುತ್ತಿದ್ದ. ಅವನ ಪಾಲಿನ ಮಾತನ್ನೂ ಹೆಂಡತಿ ಸಿದ್ದಮ್ಮನೇ ಆಡುತ್ತಿದ್ದಳು.

2021ರ ಮೇ ತಿಂಗಳಲ್ಲಿ ಅವನಿಗೆ ಕೊರೊನಾ ಬಂತು. ಚಿಕ್ಕಮಗಳೂರಿನಲ್ಲಿ ಮೂರು ವಾರ ಆಕ್ಸಿಜನ್ ಮೇಲಿದ್ದ. ಮನೆಗೆ ಬಂದ ದಿನ ಆಂಬುಲೆನ್ಸಿನಿಂದ ಇಬ್ಬರು ಹಿಡಿದು ಇಳಿಸಿದಾಗ ಮಗಳು ಪ್ರೇಮಲತಾ ಬಾಗಿಲಲ್ಲೇ ನಿಂತುಬಿಟ್ಟಳು. ಹೋಗುವಾಗ ತಾನೇ ನಡೆದು ಗಾಡಿ ಹತ್ತಿದ್ದ ಅಪ್ಪ. ಈಗ ಅಂಗಿಯೊಳಗೆ ಬೇರೆ ಯಾರನ್ನೋ ಹಾಕಿ ಕಳಿಸಿದಂತಿತ್ತು. ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದ, ಅರ್ಧ ದಾರಿಯಲ್ಲಿ ಕುಕ್ಕರಿಸುತ್ತಿದ್ದ. ಆಲ್ದೂರಿನ ಮೊಬೈಲ್ ಅಂಗಡಿಯ ಕೆಲಸ ಬಿಟ್ಟು ಪ್ರೇಮಲತಾ ಮನೆಯಲ್ಲೇ ಉಳಿದಳು.

ಎಸ್ಟೇಟ್ ಮಾಲೀಕರು ಮೂಡಿಗೆರೆಯಿಂದ ಒಬ್ಬ ಫಿಸಿಯೋಥೆರಪಿಸ್ಟರನ್ನು ಗೊತ್ತು ಮಾಡಿದರು. ಹೆಸರು ದೀಪಶ್ರೀ. ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಬರುತ್ತಿದ್ದಳು. ಮೊದಲು ಕುರ್ಚಿಯಿಂದ ಏಳುವುದು, ಕೂರುವುದು. ಮೂಗಿನಲ್ಲಿ ಉಸಿರೆಳೆದು, ತುಟಿ ಚೂಪು ಮಾಡಿ ನಿಧಾನವಾಗಿ ಬಿಡುವುದು. ಮಳೆ ಕಡಿಮೆಯಾದ ಮೇಲೆ ನಡಿಗೆ ಶುರು ಮಾಡಿಸಿದಳು.

"ಮಾತಾಡ್ತಾ ನಡೀಬೇಕು ಚಿಕ್ಕಯ್ಯನವ್ರೇ. ಒಂದು ವಾಕ್ಯ ಪೂರ್ತಿ ಹೇಳೋಕಾದ್ರೆ ಮುಂದೆ ಹೋಗಿ. ಮಧ್ಯ ತುಂಡಾದ್ರೆ ಅಲ್ಲೇ ಕೂತ್ಕೊಳ್ಳಿ. ಅದೇ ನಿಮ್ಮ ಮೀಟರು."

ಸಿದ್ದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಮೇಡಂ, ಬೇರೆ ಏನಾದ್ರೂ ಹೇಳಿ. ನನ್ನ ನೋಡೋಕೆ ಬಂದಾಗ ನಮ್ಮಪ್ಪ ಊಟ ಆಯ್ತಾ ಅಂತ ಕೇಳಿದ್ರೆ ಇವ್ರು ಬರೀ ತಲೆ ಅಲ್ಲಾಡ್ಸಿದ್ರು. ಆಯ್ತು ಅಂತಲೋ ಇಲ್ಲ ಅಂತಲೋ, ಇವತ್ತಿಗೂ ಗೊತ್ತಿಲ್ಲ."

"ಎದೆ ಡವಡವ ಅನ್ಸುತ್ತಾ? ನೋವು? ಕಣ್ಣು ಕತ್ತಲೆ?" ದೀಪಶ್ರೀ ಚಿಕ್ಕಯ್ಯನನ್ನು ಕೇಳಿದಳು.

ಚಿಕ್ಕಯ್ಯ ತಲೆಯಾಡಿಸಿದ.

"ಬಾಯಲ್ಲಿ ಹೇಳಿ."

"ಇಲ್ಲ."

"ಹಂಗೇನಾದ್ರೂ ಆದ್ರೆ ಮುಚ್ಚಿಡಬೇಡಿ. ಬರೀ ಶ್ವಾಸಕೋಶ ಅಲ್ಲ, ಹಾರ್ಟಿಗೂ ತಾಗಿರುತ್ತೆ ಇದು. ಹಾರ್ಟಿಂದು ಒಂದು ಎಕೋ ಸ್ಕ್ಯಾನ್ ಮಾಡಿಸಿ." ಎಕೋಗೆ ಡಿಸೆಂಬರಿನ ತಾರೀಕು ಸಿಕ್ಕಿತು.

ಅವಳು ಹೊರಟಾಗ ಚಿಕ್ಕಯ್ಯ ತಾನಾಗಿ ಒಂದು ಮಾತು ಕೇಳಿದ. "ಪಲ್ಪರ್?"

ಅದನ್ನು ಸಿದ್ದಮ್ಮ ಬಿಡಿಸಿ ಹೇಳಿದಳು. ನವೆಂಬರ್ ಕೊನೆಗೆ ಹಣ್ಣಿನ ಕೊಯ್ಲು ಶುರು. ಕೆಲಸದವರ ಲೈನ್ ಮನೆಗಳಿರುವುದು ಗುಡ್ಡದ ಮೇಲೆ, ಪಲ್ಪರ್ ಮನೆ ಕೆಳಗೆ ಹಳ್ಳದ ಪಕ್ಕ. ಇಳಿಯುವುದು ಸುಲಭ, ಹತ್ತಿ ಬರಬೇಕಲ್ಲ. ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಸದ್ಯಕ್ಕೆ ಅಲ್ಲಿ ಉಮೇಶ ಎಂಬ ಹುಡುಗನನ್ನು ಹಾಕಿದ್ದಾರೆ. ಈ ಸಲ ಹೋಗದಿದ್ದರೆ ಮೆಷಿನ್ ಅವನ ಕೈಗೇ ಹೋಯಿತು.

"ಇಳಿಯೋದು ಲೆಕ್ಕಕ್ಕಿಲ್ಲ," ಎಂದಳು ದೀಪಶ್ರೀ. "ಆ ಗುಡ್ಡ ಮಾತಾಡ್ತಾ ಹತ್ತಿ ಬನ್ನಿ. ಆವತ್ತು ನಾನೇ ರೈಟರಿಗೆ ಹೇಳ್ತೀನಿ."

ಪ್ರೇಮಲತಾ ದಿನಾ ಜೊತೆಗೆ ಹೋದಳು. ಏನು ಕೇಳಿದರೂ ಅಪ್ಪ ಹ್ಞೂಂ ಅನ್ನುತ್ತಿದ್ದ. ಒಂದು ದಿನ ಅವಳಿಗೆ ರೇಗಿತು.

"ಹ್ಞೂಂ ಅನ್ನೋದು ವಾಕ್ಯ ಅಲ್ಲ ಅಪ್ಪ. ಪಲ್ಪರ್ ಹೆಂಗೆ ಚಾಲೂ ಮಾಡ್ತಾರೆ? ಅದನ್ನಾದ್ರೂ ಹೇಳು."

ಚಿಕ್ಕಯ್ಯ ನಾಲ್ಕು ಹೆಜ್ಜೆ ನಡೆದ. ಆಮೇಲೆ ಶುರು ಮಾಡಿದ. "ಮೊದ್ಲು ನೀರು ಬಿಡಬಾರ್ದು. ಎಲ್ರೂ ಅದೇ ತಪ್ಪು ಮಾಡೋದು. ಮೊದ್ಲು ಬೆಲ್ಟ್ ಕೈಯಲ್ಲಿ ಒತ್ತಿ ನೋಡ್ಬೇಕು. ರಾತ್ರಿ ಇಲಿ ಕಡ್ದಿರುತ್ತೆ. ಆಮೇಲೆ ಒಳಗೆ ಕಲ್ಲು ಸಿಕ್ಕಿದ್ಯಾ ಅಂತ ಚಕ್ರ ಒಂದು ಸುತ್ತು ಕೈಯಲ್ಲೇ ತಿರುಗ್ಸು. ಕರ್ ಅಂದ್ರೆ ಕಲ್ಲು. ಸುಮ್ನಿದ್ರೆ ಸರಿ. ಆಮೇಲೆ ಗ್ರೀಸು..."

ಹೇಳುತ್ತಲೇ ಹೋದ. ಪ್ರೇಮಲತಾಳಿಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಇಪ್ಪತ್ತಮೂರು ವರ್ಷದಲ್ಲಿ ಅಪ್ಪನ ಬಾಯಿಂದ ಇಷ್ಟು ಮಾತು ಅವಳು ಕೇಳಿರಲಿಲ್ಲ. ಮನೆಗೆ ಬಂದವಳೇ, "ಅಮ್ಮ, ಅಪ್ಪ ಮಾತಾಡ್ದ," ಎಂದಳು.

ಸಿದ್ದಮ್ಮ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿ, "ಜ್ವರ ಇದ್ಯಾ ಮುಟ್ಟಿ ನೋಡು," ಎಂದಳು.

ಆಮೇಲೆ ಅದೇ ಕ್ರಮವಾಯಿತು. ಇಳಿಯುವಾಗ ಮೆಷಿನ್ ಚಾಲೂ ಮಾಡುವುದರ ಮಾತು. ಹತ್ತುವಾಗ ನಿಲ್ಲಿಸುವುದರ ಮಾತು. ನಿಲ್ಲಿಸೋದು ಏಳು ಕೆಲಸ ಎಂದು ಚಿಕ್ಕಯ್ಯ ಬೆರಳು ತೋರಿಸಿದ್ದ. ಉಸಿರು ಕಟ್ಟಿದಲ್ಲಿಗೆ ಆವತ್ತಿನದು ಮುಗಿಯಿತು. ಮಾರನೇ ದಿನ ಮತ್ತೆ ಒಂದರಿಂದ. ಮೊದಲು ಒಂದೇ ಕೆಲಸಕ್ಕೆ ಏದುಸಿರು ಬರುತ್ತಿತ್ತು. ದೀಪಾವಳಿ ಕಳೆಯುವಷ್ಟರಲ್ಲಿ ನಾಲ್ಕು ಹೇಳಿ, ದಾರಿಯ ಮಧ್ಯದ ದೊಡ್ಡ ಕಲ್ಲಿನ ಮೇಲೆ ಕೂರುತ್ತಿದ್ದ. ಲೈನಿನವರು ಬೇಲಿ ಹತ್ತಿರ ನಿಂತು ಕೇಳುತ್ತಿದ್ದರು.

"ಚಿಕ್ಕಯ್ಯಣ್ಣ, ಎಲ್ಲರ ಹತ್ರ ಕೊರೊನಾ ಕಿತ್ಕೊಂಡು ಹೋಯ್ತು, ನಿಮಗೆ ನಾಲಿಗೆ ಕೊಟ್ಟು ಹೋಯ್ತಲ್ಲ ಮಾರಾಯ್ರೆ!" ಎಂದ ಉಮೇಶ.

"ನಿನ್ ಕೆಲ್ಸಕ್ಕೆ ಬತ್ತಿ ಇಡೋಕೇ ಕೊಟ್ಟಿದ್ದು," ಎಂದಳು ಸಿದ್ದಮ್ಮ. ಚಿಕ್ಕಯ್ಯನೂ ನಕ್ಕ. ಅದೂ ಹೊಸದು.

ಹಣ್ಣು ಬರುವ ಮುಂಚೆ ಮೆಷಿನ್ ಒಂದು ಸಲ ಖಾಲಿ ಓಡಿಸಿ ನೋಡುತ್ತಾರೆ. ಆ ದಿನ ಬೆಳಿಗ್ಗೆ ಚಿಕ್ಕಯ್ಯ ಎಂದಿಗಿಂತ ಬೇಗ ಎದ್ದು ಚಪ್ಪಲಿ ಹಾಕಿಕೊಂಡ. ಇಳಿಯುವಾಗ ಚಾಲೂ ಮಾಡುವುದನ್ನು ಒಂದೂ ತುಂಡಾಗದೆ ಹೇಳಿ ಮುಗಿಸಿದ. ಕೆಳಗೆ ಉಮೇಶ ಆಗಲೇ ಮೋಟಾರ್ ಹಾಕಿದ್ದ. ಚಿಕ್ಕಯ್ಯ ಹೋಗಿ ಮೆಷಿನ್ನಿನ ಮೈ ಮೇಲೆ ಅಂಗೈ ಇಟ್ಟು, ತಲೆ ವಾಲಿಸಿ ನಿಂತ. ಉಮೇಶನಿಗೆ ಸರಿ ಇದೆ ಎಂದು ಸನ್ನೆ ಮಾಡಿದ. ಮತ್ತೆ ಮಗಳ ಕಡೆ ತಿರುಗಿ ಗುಡ್ಡ ತೋರಿಸಿದ. ಹೋಗೋಣ.

ದಾರಿ ಪಲ್ಪರ್ ಮನೆಯ ಹಿಂದೆಯೇ ಹತ್ತುತ್ತದೆ. ಮೆಷಿನ್ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ಪ್ರೇಮಲತಾ ಮುಂದೆ ಹೋಗುತ್ತಾ ತಿರುಗಿ ತಿರುಗಿ ನೋಡಿದಳು. ಅಪ್ಪನ ತುಟಿ ಅಲ್ಲಾಡುತ್ತಿತ್ತು. ಒಂದನೆಯದು ಅಂದುಕೊಂಡಳು. ಹಣ್ಣು ಹಾಕೋದು ನಿಲ್ಸು, ನೀರು ನಿಲ್ಲಿಸ್ಬೇಡ. ಸಿಲ್ವರ್ ಮರ ದಾಟಿದರು. ಖಾಲಿ ಓಡ್ಲಿ, ಸಿಪ್ಪೆ ಪೂರ್ತಿ ಉಗುಳ್ಲಿ. ತುಟಿ ಅಲ್ಲಾಡುತ್ತಲೇ ಇತ್ತು. ದೊಡ್ಡ ಕಲ್ಲು ಬಂತು. ಅಪ್ಪ ಕೂರಲಿಲ್ಲ, ದಾಟಿದ.

ಪ್ರೇಮಲತಾಳಿಗೆ ಕುಣಿಯುವಂತಾಯಿತು. ಹೆಬ್ಬೆರಳು ಎತ್ತಿ ತೋರಿಸಿದಳು. ಅಪ್ಪ ಐದನೆಯದಕ್ಕೆ ಬಂದಿದ್ದ. ಇವತ್ತು ಮೇಡಂಗೆ ಫೋನ್ ಮಾಡಬೇಕು.

ಕೆಳಗೆ ಉಮೇಶ ಮೋಟಾರ್ ಆರಿಸಿದ. ಸದ್ದು ಒಮ್ಮೆಲೇ ನಿಂತಿತು.

ಚಿಕ್ಕಯ್ಯನ ಬಾಯಿ ಇನ್ನೂ ತೆರೆದು ಮುಚ್ಚುತ್ತಿತ್ತು. ಅದರಲ್ಲಿ ಮಾತು ಇರಲಿಲ್ಲ.

ಬಾಗಿಲ ಕೆಳಗೆ ಗಾಳಿ ನುಗ್ಗುವಂಥ ಒಂದು ಸದ್ದು, ಅಷ್ಟೇ. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಕಪ್ಪಿಟ್ಟಿತ್ತು. ಅವಳು ಒಂದು ಹೆಜ್ಜೆ ಕೆಳಗಿಡುವಷ್ಟರಲ್ಲಿ ಅವನು ಕಾಫಿ ಗಿಡ ಹಿಡಿದ. ಗಿಡ ಬಾಗಿತು. ಗಿಡದ ಜೊತೆಗೇ ಕುಸಿದ.

ಉಮೇಶ ಓಡಿ ಬಂದ. ಇಬ್ಬರೂ ಹೊತ್ತು ರಸ್ತೆಗೆ ತಂದರು. ರೈಟರ್ ಜೀಪ್ ತಂದರು. ಸಿದ್ದಮ್ಮ ಹಿಟ್ಟಿನ ಕೈಯಲ್ಲೇ ಹತ್ತಿದಳು.

ಡಾಕ್ಟರ್ ನೋಡಿ, ಸ್ಟೆತಾಸ್ಕೋಪ್ ಕಿವಿಯಿಂದ ತೆಗೆದರು. "ಹಾರ್ಟು. ದಾರೀಲೇ ಹೋಗಿದ್ದಾರೆ."

"ಇಲ್ಲ ಸಾರ್, ಮಾತಾಡ್ತಾ ಇದ್ರು," ಎಂದಳು ಪ್ರೇಮಲತಾ. "ಕಲ್ಲು ದಾಟಿದ್ರು. ಮಾತಾಡ್ತಾನೇ ಹತ್ತಿದ್ದು."

"ಏನು ಹೇಳಿದ್ರು?"

ಪ್ರೇಮಲತಾ ಹೇಳಲು ಬಾಯಿ ತೆರೆದಳು. ಮುಚ್ಚಿದಳು.

ಹೊರಗೆ ಬೆಂಚಿನ ಮೇಲೆ ಸಿದ್ದಮ್ಮ ಬೆರಳಿಗೆ ಒಣಗಿ ಅಂಟಿದ ಹಿಟ್ಟು ಕೀಳುತ್ತಾ ಕೂತಿದ್ದಳು. "ಎದೆ ಬಡ್ಕೊಳ್ತಿತ್ತಂತೆ," ಎಂದಳು.

"ಯಾರಿಗೆ?"

"ಇವ್ರಿಗೇ. ಮೊನ್ನೆ ನನ್ನ ಕೈ ತಗೊಂಡು ಎದೆ ಮೇಲೆ ಇಟ್ಕೊಂಡ್ರು. ಕುದುರೆ ಓಡ್ದಂಗೆ ಇತ್ತು."

"ನಂಗೆ ಯಾಕೆ ಹೇಳ್ಲಿಲ್ಲ? ಮೇಡಂಗೆ ಯಾಕೆ ಹೇಳ್ಲಿಲ್ಲ ಅಮ್ಮ?"

"ಅವ್ರೇ ಹೇಳಿರ್ತಾರೆ ಅಂದ್ಕೊಂಡೆ," ಎಂದಳು ಸಿದ್ದಮ್ಮ. "ಈಗೀಗ ಮಾತಾಡ್ತಿದ್ರಲ್ಲ."

ಪ್ರೇಮಲತಾ ಪಕ್ಕದಲ್ಲಿ ಕೂತು ಅಮ್ಮನ ಇನ್ನೊಂದು ಕೈಯ ಹಿಟ್ಟು ಕೀಳತೊಡಗಿದಳು.

ವಿಷಯ ತಿಳಿದು ದೀಪಶ್ರೀ ಮಾರನೇ ದಿನ ಬಂದಳು. ಸ್ಕೂಟರಿನಿಂದ ಇಳಿಯಲಿಲ್ಲ, ಕಾಲೂರಿ ನಿಂತಳು. "ಮಾತು ಕಿವಿಗೆ ಬೀಳ್ಬೇಕಿತ್ತು," ಎಂದಳು. "ಕೇಳ್ಸದ ಜಾಗದಲ್ಲಿ ಹತ್ತೋದು ನಿಲ್ಲಿಸ್ಬೇಕಿತ್ತು." ಆಮೇಲೆ, "ನಾನೂ ಅದನ್ನ ಹೇಳಿರ್ಲಿಲ್ಲ," ಎಂದು ಗಾಡಿ ತಿರುಗಿಸಿದಳು.

ಹಣ್ಣು ಶುರುವಾದ ಎರಡನೇ ದಿನ ಉಮೇಶ ಲೈನ್ ಮನೆಗೆ ಬಂದ. ಹೊಸ್ತಿಲಾಚೆಯೇ ನಿಂತ.

"ನಿನ್ನೆ ಸ್ವಿಚ್ ಆರಿಸಿ ಮನೆಗೆ ಹೋದೆ. ಬೆಳಿಗ್ಗೆ ಮೆಷಿನ್ ಹೊರಡ್ಲೇ ಇಲ್ಲ ಪ್ರೇಮ. ಎಲ್ಲ ಒಳಗೆ ಕಚ್ಕೊಂಡು ಕೂತಿದೆ. ನಿಲ್ಲಿಸೋದಕ್ಕೊಂದು ಕ್ರಮ ಇದೆ ಅಂತಿದ್ರಲ್ಲ ಚಿಕ್ಕಯ್ಯಣ್ಣ."

ಪ್ರೇಮಲತಾ ಹೇಳಿದಳು. ಹಣ್ಣು ನಿಲ್ಲಿಸು, ನೀರು ನಿಲ್ಲಿಸಬೇಡ. ಖಾಲಿ ಓಡಲಿ, ಸಿಪ್ಪೆ ಹೋಗಲಿ. ಮೋಟಾರ್ ಆರಿಸಿ ಬೆಲ್ಟ್ ಸಡಿಲ ಮಾಡು. ಚಕ್ರ ಕೈಯಲ್ಲಿ ಹಿಂದಕ್ಕೆ ತಿರುಗಿಸು.

ಉಮೇಶ ಬೆರಳು ಮಡಚುತ್ತಾ ಬಂದು, ಕಿರುಬೆರಳ ಹತ್ತಿರ ನಿಂತ. "ಆಮೇಲೆ?"

"ಆಮೇಲೆ ಗೊತ್ತಿಲ್ಲ."

"ಸಿದ್ದಮ್ಮಕ್ಕಂಗೆ?"

ಸಿದ್ದಮ್ಮ ಒಳಗಿದ್ದಳು. ಕೇಳಿಸಿರಬೇಕು. ಬಾಗಿಲಿಗೆ ಬಂದು ಕೈಯಲ್ಲೇ ಇಲ್ಲ ಎಂದು ಸನ್ನೆ ಮಾಡಿದಳು.

ಚಾಲೂ ಮಾಡುವುದು ಪೂರ್ತಿ ಉಳಿದಿತ್ತು. ನಿಲ್ಲಿಸುವ ಏಳರಲ್ಲಿ ನಾಲ್ಕು ಉಳಿದಿತ್ತು. ಹೋದದ್ದು ಮೂರು ಕೆಲಸ, ಒಬ್ಬ ಮನುಷ್ಯ.