ಸನಾದಿ ತುಟಿ

ಯಮನಪ್ಪನ ಮೇಲಿನ ಸಾಲಿನ ಎರಡು ಹಲ್ಲು ಹೋದದ್ದು ಅರ್ಧ ಧಾರವಾಡಕ್ಕೆ ಗೊತ್ತಿತ್ತು. ನಕ್ಕರೆ ಕಾಣುತ್ತಿತ್ತು, ಮಾತಾಡಿದರೆ ಗಾಳಿ ಸೋರುತ್ತಿತ್ತು, ಇನ್ನು ಮುಚ್ಚಿಡುವುದಾದರೂ ಏನನ್ನು? ಆದರೆ ಆ ಹಲ್ಲಿಗೂ ತನ್ನ ಕ್ಲಾರ್ನೆಟ್ಟಿನ ಕಿರುಚಾಟಕ್ಕೂ ಸಂಬಂಧ ಉಂಟೆಂದು ಒಪ್ಪದವನು ಇಡೀ ಊರಿನಲ್ಲಿ ಅವನೊಬ್ಬನೇ. ಕೇಳಿದವರಿಗೆಲ್ಲ ಒಂದೇ ಉತ್ತರ: "ವಾದ್ಯ ಕೆಟ್ಟೈತ್ರಿ. ಹೊಸಾದು ತರಬೇಕು."

ಇಪ್ಪತ್ತು ವರ್ಷದಿಂದ ಅವನು ಮಡಿವಾಳಪ್ಪನವರ ಬ್ಯಾಂಡಿನ ಮುಂದಾಳು. ಮದುವೆಯ ಮೆರವಣಿಗೆಯಲ್ಲಿ ಮದುಮಗನ ಕುದುರೆಗಿಂತ ಹತ್ತು ಹೆಜ್ಜೆ ಮುಂದೆ ಅವನೇ ನಡೆಯಬೇಕು. ಅವನು ಎತ್ತಿದ ಹಾಡನ್ನೇ ಉಳಿದವರು ಹಿಡಿಯಬೇಕು. ಹೋದ ತಿಂಗಳು ಸಪ್ತಾಪುರದ ಒಂದು ಮದುವೆಯಲ್ಲಿ ಹಾಡು ಮೇಲೇರಿ ಇನ್ನೇನು ಅರಳಬೇಕು ಅನ್ನುವಾಗ ಕ್ಲಾರ್ನೆಟ್ಟು 'ಕೀಂಚ್' ಎಂದಿತು. ಕುದುರೆ ಬೆದರಿ ಅಡ್ಡ ತಿರುಗಿತು, ಮದುಮಗನ ಬಾಸಿಂಗ ಕಿವಿಗೆ ಜಾರಿತು, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಡಿವಾಳಪ್ಪನವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುದಿನ ಕರೆದು ಕೂರಿಸಿ, "ಯಮನಪ್ಪಾ, ಯುಗಾದಿ ಆತಂದ್ರ ಲಗ್ನದ ಸುಗ್ಗಿ. ಅಷ್ಟರಾಗ ನಾದ ಸರಿ ಆಗಲಿಲ್ಲಂದ್ರ ನೀ ಝಾಂಜ್ ಹಿಡಿ. ಮನಿಷ್ಯಾನ್ನ ಮಾತ್ರ ನಾ ಬಿಡೂದಿಲ್ಲ," ಎಂದರು. ಝಾಂಜ್ ಅಂದರೆ ದೊಡ್ಡ ಕಂಚಿನ ತಾಳ, ಬ್ಯಾಂಡಿನ ಕಟ್ಟಕಡೆಯ ಸಾಲಿನವರು ಬಡಿಯುವಂಥದ್ದು. ಅವತ್ತಿನಿಂದ ಯಮನಪ್ಪನಿಗೆ ಅನ್ನ ಸೇರಲಿಲ್ಲ.

ಹಾಗಾಗಿ ಒಂದು ದಿನ ಮುಂಜಾನೆ ತನ್ನ ಹಳೆಯ ಕ್ಲಾರ್ನೆಟ್ಟನ್ನೂ ಹೋಲಿಸಿ ನೋಡಲಿಕ್ಕೆಂದು ಅರಿವೆಯ ಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಯ ರೈಲು ಹಿಡಿಯಲು ಹೊರಟ. ಹೆಂಡತಿ ಸಂಗವ್ವನೂ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು.

"ನೀ ಯಾಕ?"

"ಸುಮ್ನ. ರೊಟ್ಟಿ ಕಟ್ಕೊಂಡೇನಿ. ಕುಂತು ತಿನ್ನಾಕ ಜೊತಿ ಬ್ಯಾಡೇನ್ರಿ?"

ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು 'ಸುಮ್ನ' ಎಂದರೆ ಅದು ಸುಮ್ಮನೆ ಆಗಿರುವುದಿಲ್ಲ. ಆದರೆ ಅಷ್ಟು ತಿಳಿಯುವ ಗಂಡ ಇನ್ನೂ ಹುಟ್ಟಬೇಕಷ್ಟೆ.

ಅಬ್ದುಲಗನಿಯ ಅಂಗಡಿ ಹುಬ್ಬಳ್ಳಿ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿತ್ತು. ಪೇಟಿ ರಿಪೇರಿ ಅವನ ಮೂಲ ಕಸುಬು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಮಾತಾಡುವ ಸಿನಿಮಾ ಬಂದದ್ದೇ ಬಂದದ್ದು, ಮೂಕಿ ಚಿತ್ರಕ್ಕೆ ಪರದೆಯ ಮುಂದೆ ಕೂತು ಬಾರಿಸುತ್ತಿದ್ದವರೆಲ್ಲ ತಮ್ಮ ವಾದ್ಯ ತಂದು ಅವನ ಕಟ್ಟೆಗಿಟ್ಟು ಬೇರೆ ಹೊಟ್ಟೆಪಾಡು ನೋಡಿಕೊಂಡಿದ್ದರು. ಹೀಗಾಗಿ ಬೊಂಬಾಯಿಗೆ ಹೋಗದೆಯೇ ನಾಲ್ಕು ನಮೂನೆ ಕ್ಲಾರ್ನೆಟ್ಟು ನೋಡಬೇಕೆಂದರೆ ಅದೊಂದೇ ಜಾಗ. ಓಣಿಯ ತುದಿಗೆ ಅರಳೆಯ ಗಿರಣಿ. ಅದರ ಎಳೆಗಳು ಹಗಲೆಲ್ಲ ಗಾಳಿಯಲ್ಲಿ ತೇಲುತ್ತ ಬಂದು, ಬಾಗಿಲಿನಿಂದ ಬಿದ್ದ ಬಿಸಿಲಿನಲ್ಲಿ ಇಳಿಯುವ ಮನಸ್ಸೇ ಇಲ್ಲದೆ ನಿಂತಿರುತ್ತಿದ್ದವು. ಒಳಗೆ ಹೋದವನಿಗೆ ಹೊರಗಿನ ಗದ್ದಲ ಯಾವುದೋ ಬೇರೆ ಊರಿನದು ಅನಿಸುತ್ತಿತ್ತು.

ಸಂಗವ್ವ ಹೊಸ್ತಿಲ ಮೇಲೆ ಕೂತಳು. ಅಬ್ದುಲಗನಿ ಚಾಪೆ ಹಾಸಿ ಮೂರು ಕ್ಲಾರ್ನೆಟ್ಟು ಸಾಲಾಗಿ ಇಟ್ಟ.

"ಇದು ಫ್ರಾನ್ಸಿನದು ನೋಡ್ರಿ. ಕರೀ ಕಟ್ಟಿಗಿ, ಮ್ಯಾಲ ಬೆಳ್ಳಿ ಲೇಪ. ಬೆರಳಿಲೆ ಒತ್ತೂ ಚಾವಿ ಜಾಸ್ತಿ, ತೂತಿಗೆಲ್ಲ ಬಳಿ ಇಟ್ಟಾರ. ಬೆರಳಿಗಿ ತ್ರಾಸಿಲ್ಲ."

ಯಮನಪ್ಪ ಕಣ್ಣು ಮುಚ್ಚಿ ಊದಿದ. ಮೊದಲ ಸ್ವರ ಎಷ್ಟು ತಣ್ಣಗೆ ಬಂತೆಂದರೆ, ಅವನು ಹುಟ್ಟಿದ ಉಪ್ಪಿನಬೆಟಗೇರಿಯ ಎರೆಹೊಲ ಕಣ್ಣೆದುರು ನಿಂತಿತು. ಮಂಜು ಬಿದ್ದ ಬಿಳಿಜೋಳದ ತೆನೆ. ಅದರ ನಡುವೆ ಯಾರೋ ದೂರ ನಡೆದು ಹೋಗುತ್ತಿದ್ದಾರೆ, ಹೆಗಲ ಮೇಲೆ ಕಂಬಳಿ. ಯಾರೆಂದು ನೋಡಲು ಅವನು ಸ್ವರವನ್ನು ಇನ್ನಷ್ಟು ಎತ್ತಿದ. ಕೀಂಚ್! ಹೊಲವೂ ಹೋಯಿತು, ಮನುಷ್ಯನೂ ಹೋದ.

"ಬಳಿ ಅಡ್ಡ ಬರ್ತಾವ," ಎಂದ ಯಮನಪ್ಪ. ಅದು ಅರ್ಧ ಖರೆಯೇ. ನಮ್ಮ ಹಾಡಿನಲ್ಲಿ ಸ್ವರದಿಂದ ಸ್ವರಕ್ಕೆ ಜಾರಬೇಕು, ಅದಕ್ಕೆ ಬೆರಳನ್ನು ತೂತಿನ ಮೇಲಿಂದ ಮೆಲ್ಲಗೆ ಸರಿಸಬೇಕು. ಬಳೆ ಕೂಡಿಸಿದ ತೂತಿನ ಮೇಲೆ ಅದು ಅಷ್ಟು ಸಲೀಸಲ್ಲ. ಆದರೆ ಕಿರುಚಿದ್ದು ಬಳೆಯಲ್ಲ.

ಎರಡನೆಯದು ಇಂಗ್ಲಂಡಿನದು, ಯಾವುದೋ ಪಲ್ಟಣದ ಹರಾಜಿನಲ್ಲಿ ಬಂದದ್ದು. ಹಳೆಯ ಕಟ್ಟಿನದು, ಹದಿಮೂರೇ ಚಾವಿ, ತೂತುಗಳೆಲ್ಲ ಹೆಚ್ಚುಕಡಿಮೆ ಬರಿಯವು. ಯಮನಪ್ಪನ ಬೆರಳಿಗೆ ಅದು ಅತ್ತೆಯ ಮನೆಯಷ್ಟು ಪರಿಚಿತ. ಅಬ್ದುಲಗನಿ ಪೇಟಿಯ ಕರಿ ಪಟ್ಟಿಯೊಂದನ್ನು ಒತ್ತಿ ಸ್ವರ ಹಿಡಿದ. ಕ್ಲಾರ್ನೆಟ್ಟು ಅದಕ್ಕಿಂತ ಎಳೆಯಷ್ಟು ಮೇಲೆ ನಿಂತಿತು. "ಗೋರಾ ಪಲ್ಟಣದವ್ರ ಸ್ವರಾನ ಮ್ಯಾಲರೀ," ಎಂದು ಅವನು ನಕ್ಕ. "ಪೇಟಿ ಜೋಡಿ ಕೂಡೂದಿಲ್ಲ, ಬರೇ ಬ್ಯಾಂಡಿಗೆ ಅಡ್ಡಿಯಿಲ್ಲ." ಯಮನಪ್ಪನ ಮುಚ್ಚಿದ ಕಣ್ಣೊಳಗೆ ಈಗ ತಾನು ಬ್ಯಾಂಡು ಕಲಿತ ಪಲ್ಟಣದ ಮೈದಾನ, ಸುಣ್ಣದ ಗೆರೆ, ಹದಿನೆಂಟು ವರ್ಷದ ತಾನು. ಎದುರಿಗೆ ಬ್ಯಾಂಡ್ ಮಾಸ್ತರ, ಕೈಯಲ್ಲಿ ಬೆತ್ತ. ಸನಾದಿ ಊದುವವರ ಮನೆಯಿಂದ ಬಂದ ಹುಡುಗ ಮೇಲಿನ ತುಟಿಯನ್ನು ಹಲ್ಲಿನ ಮೇಲೆ ಮಡಚಿಕೊಂಡಾಗಲೆಲ್ಲ ಆ ಬೆತ್ತ ತುಟಿಯ ಮೇಲೆಯೇ ಬೀಳುತ್ತಿತ್ತು. "ಸನಾದಿ ತುಟಿ!" ಎಂದು ಉಳಿದವರು ನಗುತ್ತಿದ್ದರು. ಮೇಲಿನ ಹಲ್ಲು ನೇರವಾಗಿ ವಾದ್ಯದ ಮೇಲೆ ಕೂರಬೇಕು, ಮೊಳೆ ಹೊಡೆದ ಹಾಗೆ ಕೂರಬೇಕು. ಆರು ತಿಂಗಳಿನಲ್ಲಿ ಅವನು ಕಲಿತ. ಅಷ್ಟೇ ಅಲ್ಲ, ಮೊದಲಿನದನ್ನು ಮರೆತ.

ಕೀಂಚ್.

ಮೂರನೆಯದು ಲೋಹದ್ದು, ಅಮೇರಿಕದಿಂದ ಬಂದದ್ದು, ನೋಡಲಿಕ್ಕೆ ಬಹಳ ಚಂದ. "ಛೆ, ಬ್ಯಾಡ್ರಿ. ಬ್ಯಾಸಗಿ ಬಿಸಲಾಗ ಕೈ ಸುಡ್ತೈತಿ," ಎಂದು ಸ್ವತಃ ಅಬ್ದುಲಗನಿಯೇ ಅದನ್ನು ಪಕ್ಕಕ್ಕೆ ಸರಿಸಿದ. ಮಾರುವವನೇ ಬೇಡ ಅನ್ನುವ ಅಂಗಡಿ ಈಗೆಲ್ಲಿದೆ ಹೇಳಿ? ಅಂಥವನು ಅವನು.

ಆಮೇಲೆ ಶುರುವಾಯಿತು ಮೌತ್‌ಪೀಸುಗಳ ಸರದಿ. ವಾದ್ಯ ಯಾವುದಾದರೇನು, ಬಾಯಿಗಿಡುವ ಈ ಗೇಣುದ್ದವೂ ಇಲ್ಲದ ತುಂಡು ಸರಿ ಇಲ್ಲದಿದ್ದರೆ ಎಲ್ಲ ನೀರಲ್ಲಿ ಹೋಮ. ಗಟ್ಟಿ ರಬ್ಬರಿನದು ಇತ್ತು: ಬಾಯಿ ಅಗಲ, ಗಂಟಲು ದೊಡ್ಡದು, ದಮ್ಮು ಬೇಡುವಂಥದ್ದು. ಕಟ್ಟಿಗೆಯದು ಇತ್ತು: ನಾದ ಮೆತ್ತಗೆ, ಆದರೆ ಎರಡು ಮಳೆಗಾಲಕ್ಕೆ ಸೊಟ್ಟಗಾಗುತ್ತದೆ. ಗಾಜಿನದೂ ಇತ್ತು. ಯಮನಪ್ಪ ಒಂದೊಂದನ್ನೂ ತನ್ನ ಹಳೆಯ ಕ್ಲಾರ್ನೆಟ್ಟಿಗೆ ಹಾಕಿದ, ಜೊಂಡಿನ ತೆಳು ರೀಡು ಕಟ್ಟಿದ, ಊದಿದ. ಹಲ್ಲು ಇರಬೇಕಾದ ಜಾಗದಲ್ಲಿ ಮೌತ್‌ಪೀಸು ಅತ್ತಿತ್ತ ಆಡುತ್ತಿತ್ತು, ಪಕ್ಕದ ಹಲ್ಲಿಗೆ ಆನಿಸಿದರೆ ವಾರೆಯಾಗುತ್ತಿತ್ತು.

ಗಾಜಿನದು ತುಟಿಗೆ ತಾಗಿದಾಗ ಬಾವಿಯ ನೀರಿನ ತಂಪಿತ್ತು. ಆ ತಂಪಿನಲ್ಲಿ ಅಪ್ಪ ಬಂದ. ಎರೆಹೊಲದಲ್ಲಿ ಕಂಬಳಿ ಹೊದ್ದು ಹೋಗುತ್ತಿದ್ದವನು ಅವನೇ: ಸನಾದಿ ರಾಮಪ್ಪ. ಊರಿನ ಬೆಳಗು ಆಗುತ್ತಿದ್ದದ್ದೇ ಅವನ ಸನಾದಿಯಿಂದ. ಪಲ್ಟಣದಿಂದ ಮೊದಲ ಸಲ ರಜೆಗೆ ಬಂದ ಮಗ ಹಿತ್ತಾಳೆ ಗುಂಡಿಯ ಕೋಟು ತೊಟ್ಟು ಕ್ಲಾರ್ನೆಟ್ಟು ಊದಿ ತೋರಿಸಿದಾಗ ರಾಮಪ್ಪ ಮುಖ ವಾರೆ ಮಾಡಿ ಕೇಳಿದ್ದ, "ಮ್ಯಾಲಿನ ತುಟಿ ಯಾಕೋ ತಮ್ಮಾ ಹೊರಗ?"

"ಇದು ಹಲ್ಲಿದ್ದವರ ವಿದ್ಯಾ ಅಪ್ಪಾ. ನಿಂದು ಬೊಚ್ಚಬಾಯಿದು."

ಹತ್ತು ಜನರ ಎದುರಿಗೆ ಅಂದಿದ್ದ. ಅಪ್ಪನ ಬಾಯಲ್ಲಿ ಆಗಲೇ ನಾಲ್ಕೈದೇ ಹಲ್ಲು ಉಳಿದಿದ್ದವು. ರಾಮಪ್ಪ ಸಿಟ್ಟಾಗಲಿಲ್ಲ, ನಕ್ಕ. "ಹೌದಪಾ. ನಿನ್ನ ಹಲ್ಲು ಉದುರಿದ ದಿನ ಬಾ. ಕಲಸ್ತೇನಿ." ಅವನು ತೀರಿಕೊಂಡಾಗ ಯಮನಪ್ಪ ರಾಣೇಬೆನ್ನೂರಿನಲ್ಲಿ ಯಾರದೋ ಮದುವೆಗೆ ಊದುತ್ತಿದ್ದ. ಅದಾಗಿ ಹನ್ನೊಂದು ವರ್ಷ.

ಗಾಜಿನ ಮೌತ್‌ಪೀಸೂ ಕಿರುಚಿತು. ಯಮನಪ್ಪ ಅದನ್ನು ಚಾಪೆಯ ಮೇಲಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಎಲ್ಲಾ ಕೆಟ್ಟಾವ್ರಿ, ಗನಿಸಾಬ್ರ. ಎಲ್ಲಾ ಕೆಟ್ಟಾವ," ಎಂದ.

"ವಾದ್ಯಕ್ಕ ಇನ್ನೆಷ್ಟು ಬಯ್ತೀರಿ?" ಹೊಸ್ತಿಲಿನಿಂದ ಸಂಗವ್ವನ ದನಿ. "ಇಲ್ಲಿ ನೋಡ್ರಿ, ನನ್ನ ಬಾಯಿ ನೋಡ್ರಿ."

ಅವಳು ಎದ್ದು ಬಂದು ಅವನೆದುರು ಕೂತಳು. ಕೂತು ಎರಡೂ ತುಟಿಯನ್ನು ಹಲ್ಲಿನ ಮೇಲೆ ಒಳಗೆ ಮಡಚಿದಳು, ಮೇಲಿನದನ್ನೂ ಕೆಳಗಿನದನ್ನೂ. ಆ ತುಂಬಿದ ಮುಖ ಒಂದು ಕ್ಷಣದಲ್ಲಿ ಮುದುಕನ ಮುಖವಾಯಿತು. ಯಮನಪ್ಪ ಮುಖದ ಮೇಲಿನ ಕೈ ತೆಗೆದು ನೋಡಿದ. ಅದು ಅಪ್ಪನ ಬಾಯಿ. ಅಬ್ದುಲಗನಿ ಮರ್ಯಾದಸ್ಥ ಮನುಷ್ಯ, ಪೇಟಿಯ ಕಡೆ ತಿರುಗಿ ಇಲ್ಲದ ಧೂಳು ಒರೆಸತೊಡಗಿದ.

"ಮಾವಾರು ಸನಾದಿ ಹಿಂಗ ಹಿಡೀತಿದ್ರು. ಹಲ್ಲಿಂದಲ್ಲ, ಎರಡೂ ತುಟಿ ನಡುವ. ಕೂಸು ಮಲೀ ಹಿಡಿದಂಗ."

"ಅದು ಸನಾದಿ ತುಟಿ!" ಯಮನಪ್ಪ ಗದರಿದ. "ಅದಕ್ಕ ಪಲ್ಟಣದಾಗ ಬೆತ್ತದ ಏಟು ತಿಂದೇನಿ ನಾ!"

"ಪಲ್ಟಣಾನೂ ಹೋತು, ಹಲ್ಲೂ ಹೋದುವು. ಈಗ ಯಾರು ಹೊಡೀತಾರ್ರಿ?"

ಬಡಪಾಯಿ ಯಮನಪ್ಪ ಚೀಲಕ್ಕೆ ಕೈ ಹಾಕಿದ. ಹಳೆಯ ಕ್ಲಾರ್ನೆಟ್ಟಿಗೆ ಅದರದೇ ಹಳೆಯ ಮೌತ್‌ಪೀಸು ಸಿಕ್ಕಿಸಿದ. ಅಬ್ದುಲಗನಿ ತಿರುಗದೆಯೇ ಕೈ ಹಿಂದೆ ಚಾಚಿ ಒಂದು ತೆಳುವಾದ, ಮೆತ್ತನೆಯ ರೀಡು ಕೊಟ್ಟ. ಯಮನಪ್ಪ ಮೇಲಿನ ತುಟಿಯನ್ನು ಮಡಚಿದ. ಮೂವತ್ತು ವರ್ಷದ ಹಿಂದೆ ಏಟು ತಿಂದ ಜಾಗ ಅದು; ಈಗಲೂ ಹಿಂಜರಿಯಿತು. ಊದಿದ. ಬರೀ ಗಾಳಿ.

"ಬಿಗಿ ಹಿಡಿಬ್ಯಾಡ್ರಿ. ಮಾವಾರು ಇಷ್ಟು ಬಿಗಿ ಹಿಡೀತಿರಲಿಲ್ಲ."

ಮತ್ತೆ ಊದಿದ. ಗಾಳಿಯ ಒಳಗಿನಿಂದ ಒಂದು ಸಣ್ಣ ನಾದ ತಲೆ ಎತ್ತಿತು. ಮೊದಲಿನ ಅವನ ನಾದದ ಹಾಗೆ ಅದು ಓಣಿಯ ಆಚೆಗೆ ನುಗ್ಗುವಂಥದ್ದಲ್ಲ, ದುಂಡಗಿತ್ತು, ತುಸು ನಡುಗುತ್ತಿತ್ತು. ಅದು ಮೇಲೇರಿತು. ಕಿರುಚುವ ಜಾಗ ಬಂತು, ಸಂಗವ್ವ ಉಸಿರು ಹಿಡಿದಳು, ನಾದ ಆ ಜಾಗವನ್ನು ಜಾರಿಕೊಂಡು ದಾಟಿ ಹೋಯಿತು. ಬಿಸಿಲಿನಲ್ಲಿ ನಿಂತಿದ್ದ ಅರಳೆಯ ಎಳೆಗಳು ನಿಧಾನಕ್ಕೆ ಇಳಿಯುತ್ತಿದ್ದವು. ಎರೆಹೊಲದ ಮಂಜಿನಲ್ಲಿ ಕಂಬಳಿಯ ಮನುಷ್ಯ ಈ ಸಲ ನಿಂತ. ಯಮನಪ್ಪ ಅದೆಷ್ಟು ಹೊತ್ತು ನುಡಿಸಿದನೋ, ಅಪ್ಪ ಊರಿಗೆ ಬೆಳಗು ಮಾಡುತ್ತಿದ್ದ ಆ ಹಾಡನ್ನು ಮಧ್ಯಾಹ್ನದ ಹುಬ್ಬಳ್ಳಿಯಲ್ಲಿ ಪೂರ್ತಿ ನುಡಿಸಿದ. ತುಟಿ ಸೋತು ನಡುಗುವವರೆಗೆ ನುಡಿಸಿದ.

"ಏನೂ ತಗೋಬ್ಯಾಡ್ರಿ," ಎಂದ ಅಬ್ದುಲಗನಿ, ಕಣ್ಣು ಒರೆಸಿಕೊಳ್ಳುತ್ತ. "ನಿಮ್ಮ ಹಳೇದಽ ಛಲೋ ಐತಿ. ಈ ಮೆತ್ತನ್ನ ರೀಡು ಒಂದಾರು ಇಟ್ಕೊಳ್ರಿ. ಯುಗಾದಿಗೆ ಇನ್ನೂ ಒಂದೂವರಿ ತಿಂಗಳೈತಿ, ತುಟಿ ಗಟ್ಟಿ ಆಗ್ತೈತಿ."

ಸಂಜೆಯ ರೈಲಿನಲ್ಲಿ ಎದುರುಬದುರು ಕೂತರು. ಚೀಲ ಯಮನಪ್ಪನ ತೊಡೆಯ ಮೇಲಿತ್ತು. ಉಣಕಲ್ ಸ್ಟೇಶನ್ನು ದಾಟಿತು. ಅವನು ಕೇಳಿದ, "ನಿನಗ ಹೆಂಗ ಗೊತ್ತಿತ್ತು, ಅಪ್ಪ ಹಿಡಿಯೂದು?"

"ಗೊತ್ತಿರಲಾರದ ಏನ್ರಿ? ನೀವು ಊರೂರು ಲಗ್ನಕ್ಕ ಹೋಗಿರತಿದ್ರಿ. ಉಪ್ಪಿನಬೆಟಗೇರ್ಯಾಗ ಮಾವಾರ ಜೋಡಿ ಇದ್ದಾಕಿ ನಾ. ಕಡೀ ವರ್ಷ ಹಾಸಿಗಿ ಮ್ಯಾಲ ಕುಂತು, ಬೆಳಗಾತಂದ್ರ ಹಾದಿ ಕಡಿ ಬಾಗಲಾ ತೆಗಸಿ ಊದತಿದ್ರು. ನಾ ಒಲಿ ಮುಂದ ಕುಂತು ನೋಡತಿದ್ದೆ." ಸಂಗವ್ವ ರೊಟ್ಟಿಯ ಗಂಟು ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. "ಒಂದಿನ ಕೇಳಿದೆ, ಯಾರ ಹಾದಿ ನೋಡಾಕತ್ತೀರಿ ಮಾವಾರಽ ಅಂತ. ನಕ್ಕರು. ಅವನ ಹಲ್ಲು ಇನ್ನೂ ಗಟ್ಟಿ ಅದಾವವ್ವಾ, ಬರಾಕ ತಡಾ ಆಗ್ತೈತಿ ಅಂದ್ರು."

ಯಮನಪ್ಪ ಕಿಟಕಿಯ ಕಡೆ ತಿರುಗಿದ. ಹೊಲಗಳು ಹಿಂದೆ ಹೋಗುತ್ತಿದ್ದವು. ಅವನು ಎರಡೂ ತುಟಿಯನ್ನು ಒಳಗೆ ಮಡಚಿ ಹಿಡಿದುಕೊಂಡ, ಆದರೂ ಅಳು ನಿಲ್ಲಲಿಲ್ಲ. "ಬಂದೇನಿ ಅಪ್ಪಾ," ಎಂದ, ಗಾಜಿಗೆ ಹಣೆ ಹಚ್ಚಿ. ಸಂಗವ್ವ ರೊಟ್ಟಿಯನ್ನು ಸಣ್ಣಗೆ ಮುರಿದು, ಪಲ್ಯದಲ್ಲಿ ನೆನೆಸಿ ಮೆತ್ತಗೆ ಮಾಡಿ ಅವನ ಕೈಗೆ ಕೊಟ್ಟಳು.