ಉಪ್ಪಣ್ಣನ ಚಿಟಿಕೆ

“ಇನ್ನೂ ಸ್ವಲ್ಪ ಓರೆ ಮಾಡಿ. ಗೋಡೆಗೆ ತಾಗುತ್ತೆ.”

ಅಂಗಡಿಯಿಂದ ಹೊತ್ತು ತಂದ ಉದ್ದನೆಯ ಬೆಂಚು ಮನೆಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ನಾಲ್ಕು ಜನ ಅದನ್ನು ಹಿಂದಕ್ಕೆಳೆದು, ಮುಂದಕ್ಕೆ ನೂಕಿ, ಅಂತೂ ಇಂತೂ ಹಜಾರಕ್ಕೆ ತಂದರು. ಹಜಾರದ ನಡುವೆ ಉಪ್ಪಣ್ಣ ಮಲಗಿದ್ದ. ಜೀವ ಇದ್ದಿದ್ದರೆ ಇಷ್ಟೊತ್ತಿಗೆ ಎದ್ದು ಬಾಗಿಲನ್ನೇ ಕಳಚಿ ದಾರಿ ಮಾಡಿಕೊಡುತ್ತಿದ್ದ. ಬೀಗ ರಿಪೇರಿ ಅವನ ಕಸುಬು. ಬಾಗಿಲು ಸತಾಯಿಸಿದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

ಬೆಂಚಿನ ಮೇಲೆ ಒತ್ತಿ ಕೂತವರೆಲ್ಲ ಆ ಅಂಗಡಿಯ ಮಾಲೀಕರು. ಇನ್ನೂರು ಮನೆ ಸೇರಿ ನಡೆಸುವ ಸಹಕಾರಿ ದಿನಸಿ ಅಂಗಡಿ ಅದು. ಪ್ರತಿ ಮನೆಯಿಂದ ಒಬ್ಬರು ತಿಂಗಳಿಗೊಂದು ದಿನ ಪಾಳಿ ಮಾಡಬೇಕು. ಚೀಲ ಬಿಚ್ಚಿ ದೊಡ್ಡ ಡಬ್ಬಗಳಿಗೆ ಸುರಿಯಬೇಕು, ಜನ ತಂದ ಡಬ್ಬಿಗಳಿಗೆ ತೂಗಿ ಹಾಕಬೇಕು. ಇನ್ನೂರು ಮಾಲೀಕರಿದ್ದ ಮೇಲೆ ಇನ್ನೂರು ತಕರಾರು ಇದ್ದದ್ದೇ. ಆದರೆ ಒಂದು ನಿಯಮಕ್ಕೆ ಮಾತ್ರ ಯಾರೂ ಎದುರಾಡಿದವರಲ್ಲ. ಚೀಲ ಬಿಚ್ಚಿದವರು ಸುರಿಯುವ ಮುಂಚೆ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು, ಅದೇನೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅದಕ್ಕೆ ಉಪ್ಪಣ್ಣನ ಚಿಟಿಕೆ ಎಂದೇ ಹೆಸರು. ಸೋಪಿನ ಪುಡಿಗೊಂದು ವಿನಾಯಿತಿ ಇತ್ತು.

“ನನ್ನ ನಲವತ್ತು ಕೇಕು,” ಎಂದಳು ಬೇಕರಿಯವಳು, ಮೂಗು ಒರೆಸಿಕೊಳ್ಳುತ್ತ. “ಹುಟ್ಟುಹಬ್ಬದ ಆರ್ಡರು. ಮೊದಲನೇ ತುಂಡು ಬಾಯಿಗಿಟ್ಟೋರ ಮುಖ ನೋಡಬೇಕಿತ್ತು. ಸಕ್ಕರೆ ಡಬ್ಬದ ತುಂಬ ಉಪ್ಪು ಸುರಿದಿದ್ದ ಪುಣ್ಯಾತ್ಮ. ಆವತ್ತೇ ನಾನು ಹೆಸರಿಟ್ಟಿದ್ದು, ಉಪ್ಪಣ್ಣ ಅಂತ.”

“ಮಾಡಿದ್ದನ್ನ ಒಪ್ಕೊಂಡನಲ್ಲ, ಅದು ದೊಡ್ಡ ಗುಣ,” ಎಂದರು ಹಳೆಯ ಅಧ್ಯಕ್ಷರು. ಅವರಿಗೀಗ ಎಂಬತ್ತು. ಹಿಂದೆ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಇಂದಿಗೂ ಮಾತಾಡುವಾಗ ಗಾಳಿಯಲ್ಲಿ ಗೆರೆ ಎಳೆಯುತ್ತಾರೆ. ಎಲ್ಲರೂ ನಕ್ಕರು, ನಕ್ಕಿದ್ದಕ್ಕೆ ನಾಚಿ ಮತ್ತೆ ಕಣ್ಣೊರೆಸಿಕೊಂಡರು.

ಉಪ್ಪಣ್ಣನ ಹೆಂಡತಿ ಮಾತ್ರ ನಗಲಿಲ್ಲ. ಹನ್ನೆರಡು ವರ್ಷ ಅಂಗಡಿ ನಡೆಸಿದ ಆಕೆಯನ್ನು ಇಂದಿಗೂ ಎಲ್ಲರೂ ಕಾರ್ಯದರ್ಶಿಯಮ್ಮ ಎಂದೇ ಕರೆಯುತ್ತಾರೆ. ಇನ್ನೊಂದು ಗಂಟೆಯಲ್ಲಿ ಅವನನ್ನು ಎತ್ತುತ್ತಾರೆ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಅವಳಿಗೆ ಗೊತ್ತಿತ್ತು. ಆ ಉಪ್ಪು ಸುರಿದವಳು ಅವಳು.

* * *

ಮೂವತ್ತೊಂದು ವರ್ಷದ ಹಿಂದಿನ ಮಾತು. ಅವಳು ಕಾರ್ಯದರ್ಶಿಯಾಗಿ ಮೂರು ವಾರವಾಗಿತ್ತಷ್ಟೆ. ಆ ಶನಿವಾರ ಅವರ ಮನೆಯ ಪಾಳಿ. ಅಂಗಡಿ ತೆರೆಯುವ ಮುಂಚೆಯೇ ಹೋಗಿ, ಹಿಂದಿನ ಕೋಣೆಯಲ್ಲಿ ಒಬ್ಬಳೇ ಚೀಲ ಬಿಚ್ಚಿದ್ದಳು. ಪುಡಿ ಉಪ್ಪಿಗೂ ಸಕ್ಕರೆಗೂ ಒಂದೇ ಥರದ ಬಿಳಿ ಚೀಲ. ಮನಸ್ಸೆಲ್ಲ ಸಂಜೆಯ ಸಭೆಯಲ್ಲಿ ಓದಬೇಕಾದ ವರದಿಯ ಮೇಲಿತ್ತು.

ಸಂಜೆ ವರದಿ ಓದಲು ಯಾರೂ ಬಿಡಲಿಲ್ಲ.

“ಹೆಂಗಸರ ಕೈಗೆ ಅಂಗಡಿ ಕೊಡಬೇಡಿ ಅಂತ ನಾನು ಬಡ್ಕೊಂಡೆ,” ಎಂದರು ಅಧ್ಯಕ್ಷರು. ಆಗ ಅವರ ಗೆರೆಗಳು ಇನ್ನೂ ಚೂಪಾಗಿದ್ದವು. “ಇವತ್ತಿನ ಪಾಳಿ ಇವರ ಮನೇದೇ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಯಾರದು, ಹೇಳಿ.”

ಅವಳು ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಪಕ್ಕದ ಕುರ್ಚಿ ಕಿರ್ರೆಂದಿತು.

“ನನ್ನದೇ. ಕೈತಪ್ಪಾಯ್ತು,” ಎಂದ ಗಂಡ. ಎಲ್ಲರ ನಡುವೆ ನಡೆದುಹೋಗಿ, ಅಧ್ಯಕ್ಷರ ಮುಂದಿದ್ದ ನೀರಿನ ಲೋಟ ಎತ್ತಿ ಗಟಗಟ ಕುಡಿದ. “ತಗೊಳ್ಳಿ, ನೀರೂ ಕುಡ್ದಾಯ್ತು.”

ಸಭೆ ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲೇ ಅವಳ ಕೆಲಸ ಉಳಿಯಿತು.

ಮನೆಗೆ ಬಂದ ಮೇಲೆ ಅವಳು ಜಗಳ ಆಡಿದಳು. “ಯಾಕ್ರೀ ಹಾಗೆ ಹೇಳಿದ್ರಿ? ಮುಂದಿನ ಸಭೆಯಲ್ಲಿ ನಾನು ನಿಜ ಹೇಳ್ತೀನಿ.”

“ಹೇಳುವಿಯಂತೆ. ಮೊದಲು ಅಂಗಡಿ ಸರಿಯಾಗಿ ನಡೆಸಿ ತೋರಿಸು.”

ನಡೆಸಿ ತೋರಿಸಿದಳು. ಆಮೇಲೂ ಹೇಳಲಿಲ್ಲ. ಅಷ್ಟರಲ್ಲಿ ಅವನ ಹೆಸರೇ ಬದಲಾಗಿತ್ತು. ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: “ಬೀಗ ರಿಪೇರಿಯವನನ್ನ ಬಾಗಿಲು ತೆರೆದ ಮೇಲೆ ಯಾರೇ ನೆನೀತಾರೆ? ಉಪ್ಪಣ್ಣ ಅಂದ್ರೆ ಮಕ್ಕಳೂ ಓಡಿ ಬರ್ತವೆ. ಬಿಡು.” ಪಾಳಿಗೆ ಅಂದಿನಿಂದ ಅವನೇ ಹೋಗುತ್ತಿದ್ದ. ಅವಳು ಮತ್ತೆ ಒಂದು ಚೀಲವನ್ನೂ ಬಿಚ್ಚಲಿಲ್ಲ. ಗೌರವವೆಲ್ಲ ತನಗೆ, ನಗೆಪಾಟಲೆಲ್ಲ ಅವನಿಗೆ. ಇದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಆದರೂ ಹೇಳದೆ ಉಳಿದದ್ದು ಹೆದರಿಕೆಯಿಂದಲೇ, ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ.

* * *

“ಅದು ಅವರಲ್ಲ,” ಎಂದಳು ಕಾರ್ಯದರ್ಶಿಯಮ್ಮ. ಅವಳು ಎದ್ದು ಗಂಡನ ತಲೆಯ ಬಳಿ ನಿಂತಿದ್ದಳು. “ಆ ಉಪ್ಪು ಸುರಿದೋಳು ನಾನು. ಅವರು ನನ್ನ ಕೆಲಸ ಉಳಿಸೋಕೆ ಸುಳ್ಳು ಹೇಳಿದ್ರು. ನಾನು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ.”

ಅಧ್ಯಕ್ಷರು ಕೋಲೂರಿ ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟರು.

“ನೋಡಿ, ಈ ತಾಯಿ ಮನಸ್ಸು ನೋಡಿ. ಸತ್ತ ಗಂಡನ ತಪ್ಪನ್ನೂ ತಲೆ ಮೇಲೆ ಹೊತ್ಕೋತಾಳೆ.”

“ಇಲ್ಲ ಮೇಷ್ಟ್ರೇ. ನಿಜವಾಗ್ಲೂ ನಾನೇ.”

“ಆಯ್ತಮ್ಮ, ಆಯ್ತು. ನೀವೇ.” ಮಗುವಿಗೆ ಹೇಳುವಂತೆ ಹೇಳಿದರು. ಬೆಂಚಿನ ಮೇಲಿದ್ದವರು ಮತ್ತೆ ಅತ್ತರು. ಮಗಳು ಓಡಿಬಂದು, “ಅಮ್ಮಾ, ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ನೀನು. ನೀರಾದ್ರೂ ಕುಡಿ,” ಎಂದು ಲೋಟ ಕೊಟ್ಟಳು.

ಅವಳು ಲೋಟವನ್ನೇ ನೋಡಿದಳು. ಆಮೇಲೆ ಒಂದೇ ಉಸಿರಿಗೆ ಕುಡಿದು ಮುಗಿಸಿದಳು. ಸುಳ್ಳನ್ನು ಥಟ್ಟನೆ ನಂಬಿದ್ದ ಜನ ನಿಜವನ್ನು ನಂಬಲಿಲ್ಲವಲ್ಲ ಎಂದು ಅವಳಿಗೆ ಗಂಡನ ಮೇಲೇ ಸಿಟ್ಟು ಬಂತು.

ಅವನನ್ನು ಎತ್ತಿದಾಗ ಬಾಗಿಲಲ್ಲಿ ಎಲ್ಲೂ ತಾಗಲಿಲ್ಲ. ಬೆಂಚಿಗಿಂತ ಎಷ್ಟೋ ಸಲೀಸಾಗಿ ಹೋದ.

* * *

ಬೆಳಿಗ್ಗೆ ಮುಚ್ಚಿದ್ದ ಅಂಗಡಿ ಸಂಜೆ ನಾಲ್ಕಕ್ಕೆ ತೆರೆಯಿತು. ಯಾರು ಸತ್ತರೂ ಮನೆಗಳಿಗೆ ದಿನಸಿ ಬೇಕಲ್ಲ. ಕರಿಹಲಗೆಯ ಮೇಲೆ ಆ ದಿನದ ಪಾಳಿಗೆ ಉಪ್ಪಣ್ಣನ ಹೆಸರಿತ್ತು. ಅಳಿಸಲು ಯಾರಿಗೂ ಕೈ ಬಂದಿರಲಿಲ್ಲ.

ಕಾರ್ಯದರ್ಶಿಯಮ್ಮ ಒಳಗೆ ಬಂದಾಗ ಸಾಲು ತಾನಾಗಿ ದಾರಿ ಬಿಟ್ಟಿತು.

“ಅಕ್ಕ, ಇವತ್ತು ಬೇಡ. ನಾವು ನೋಡ್ಕೋತೀವಿ,” ಎಂದರು ಯಾರೋ.

“ನಮ್ಮನೆ ಪಾಳಿ,” ಎಂದು ಅವಳು ಗೂಟದಲ್ಲಿದ್ದ ಗಂಡನ ಏಪ್ರನ್ ತೆಗೆದು ಕಟ್ಟಿಕೊಂಡಳು. ಅದು ಮೊಣಕಾಲಿನ ಕೆಳಗೆ ಇಳಿಯಿತು. ಜೇಬಿನಲ್ಲಿ ಒಂದು ಸ್ಕ್ರೂ ಡ್ರೈವರ್ ಇತ್ತು. ಸಕ್ಕರೆಯ ಡಬ್ಬ ಖಾಲಿಯಾಗಿತ್ತು. ಹಿಂದಿನ ಕೋಣೆಯಿಂದ ಒಂದು ಬಿಳಿ ಚೀಲವನ್ನು ದರದರ ಎಳೆದು ತಂದು, ಎಲ್ಲರ ಎದುರಿಗೇ ನಿಲ್ಲಿಸಿದಳು. ದಾರ ಎಳೆದು ಹೊಲಿಗೆ ಬಿಚ್ಚಿದಳು.

ಸಾಲಿನ ಮೊದಲಲ್ಲಿ ಬೇಕರಿಯವಳು ನಿಂತಿದ್ದಳು. ತನ್ನ ದೊಡ್ಡ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು.

“ಆವತ್ತು ಬೆಳಿಗ್ಗೆ ನನ್ನ ಬೇಕರಿ ಶಟರ್ ಏಳ್ತಿರಲಿಲ್ಲ,” ಎಂದಳು ಬೇಕರಿಯವಳು. ತಗ್ಗಿದ ದನಿ, ಆದರೆ ಸಾಲಿಗೆಲ್ಲ ಕೇಳುವಂತಿತ್ತು. “ನಿಮ್ಮ ಯಜಮಾನ್ರು ಆರು ಗಂಟೆಗೇ ಬಂದು ಬೀಗ ಬಿಚ್ಕೊಂಡು ಕೂತ್ರು. ತೆಗೆಯೋ ಹೊತ್ತಿಗೆ ಒಂಬತ್ತಾಯ್ತು. ನಾನು ಅಲ್ಲಿಂದ ಸೀದಾ ಇಲ್ಲಿಗೆ ಬಂದು ಆ ಸಕ್ಕರೆ ತಗೊಂಡು ಹೋಗಿದ್ದು. ಮೂವತ್ತೊಂದು ವರ್ಷ ಆದ್ರೂ ಹೊಳೀಲಿಲ್ಲ ನನ್ನ ಬುದ್ಧಿಗೆ. ಬೆಳಿಗ್ಗೆ ನೀವು ಅಂದಾಗ ಹೊಳೀತು.”

ಕಾರ್ಯದರ್ಶಿಯಮ್ಮ ತಲೆ ಎತ್ತಲಿಲ್ಲ.

“ಎರಡು ಕೆಜಿ ಸಕ್ಕರೆ ಕೊಡಿ,” ಎಂದಳು ಬೇಕರಿಯವಳು. ಒಂದು ಕ್ಷಣ ಬಿಟ್ಟು ಸೇರಿಸಿದಳು, “ಉಪ್ಪಕ್ಕ.”

ಬೆಳಿಗ್ಗೆಯಿಂದ ಒಣಗಿದ್ದ ಕಣ್ಣು ಆಗ ತುಂಬಿ ಬಂತು. ಮೂಗನ್ನು ತೋಳಿಗೆ ಒರೆಸಿಕೊಂಡು, ಚೀಲದೊಳಗೆ ಕೈ ಹಾಕಿ, ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡಳು. ಬಾಯಿಗೆ ಇಳಿದ ಕಣ್ಣೀರು ಅದರ ಜೊತೆ ಬೆರೆಯಿತು. ಸಕ್ಕರೆಯೋ ಉಪ್ಪೋ, ಏನೆಂದು ಹೇಳಲು ಅವಳಿಗೆ ಆಗಲಿಲ್ಲ.

“ನೀನೂ ನೋಡೇ,” ಎಂದು ಇನ್ನೊಂದು ಚಿಟಿಕೆಯನ್ನು ಮುಂದಕ್ಕೆ ಚಾಚಿದಳು.

ಬೇಕರಿಯವಳು ಕಟ್ಟೆಯ ಮೇಲೆ ಬಗ್ಗಿ ಬಾಯಿ ತೆರೆದಳು.