ಪಿಸುಮಾತಿನ ಮನೆ

ಆ ಮನೆಯಲ್ಲಿ ಬೆಳಗಿನ ಜಗಳಗಳೂ ಪಿಸುಮಾತಿನಲ್ಲೇ ನಡೆಯಬೇಕು. ಗಂಡ ಬೇಕರಿಯಲ್ಲಿ ರಾತ್ರಿಯಿಡೀ ಬ್ರೆಡ್ ಬೇಯಿಸಿ ನಸುಕಿಗೆ ಬಂದು ಮಲಗಿದನೆಂದರೆ ಹತ್ತು ಗಂಟೆಯವರೆಗೆ ಯಾರೂ ಉಸಿರೆತ್ತುವಂತಿಲ್ಲ. ಹಿಂದೊಮ್ಮೆ ನಿದ್ದೆಗಣ್ಣಿನಲ್ಲಿ ಕಾದ ತಟ್ಟೆ ಮುಟ್ಟಿ ಅಂಗೈ ಸುಟ್ಟುಕೊಂಡು ಬಂದಿದ್ದ. ಅವತ್ತೇ ಹೆದರಿ ಈ ಕಟ್ಟಳೆ ಮಾಡಿದವಳು ಅವನ ಹೆಂಡತಿಯೇ. ಮೂರು ವರ್ಷದ ಗುಬ್ಬಿ, ಒಂದೂವರೆ ವರ್ಷದ ಡುಮ್ಮ, ಇಬ್ಬರೂ ಮಾತು ಕಲಿಯುವ ಮೊದಲೇ ತುಟಿಯ ಮೇಲೆ ಬೆರಳಿಡುವುದನ್ನು ಕಲಿತಿದ್ದರು.

ಇವತ್ತು ಆ ಕಟ್ಟಳೆ ಮಾಡಿದ ತನ್ನ ಬುದ್ಧಿಗೇ ಬೆಂಕಿ ಹಾಕಬೇಕೆನ್ನುವಷ್ಟು ಸಿಟ್ಟು ಅವಳಿಗೆ. ಆರು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು ಇವತ್ತು ಅದೇ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತು ಪರೀಕ್ಷೆ ಕೊಡಬೇಕು. ಎಂಟು ಗಂಟೆಗೆ ಡಿಪೋದಲ್ಲಿರಬೇಕು. ತಪ್ಪಿದರೆ ಮತ್ತೆ ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ಶಿಶುವಿಹಾರದ ಬಾಗಿಲು ಅಷ್ಟು ಬೇಗ ತೆರೆಯುವುದಿಲ್ಲ. ಅದಕ್ಕೇ ಗಂಡ, "ನಾನು ಬೇಗ ಎದ್ದು ಮಕ್ಕಳನ್ನ ನೋಡ್ಕೋತೀನಿ, ನೀನು ನಿಶ್ಚಿಂತೆಯಿಂದ ಹೋಗು" ಎಂದು ಮಾತು ಕೊಟ್ಟಿದ್ದ. ಡಿಪೋ ಮ್ಯಾನೇಜರೇ ಒಪ್ಪಿ ಹೆಸರು ಬರೆದುಕೊಂಡಿದ್ದಾರೆ. ಇವನು ನೋಡಿದರೆ ಏಳುತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಎರಡು ಸಲ ಬೆರಳ ತುದಿಯಿಂದ ಬಾಗಿಲು ತಟ್ಟಿದಳು. ಒಳಗಿಂದ "ಹ್ಞೂಂ, ಐದು ನಿಮಿಷ" ಎಂಬ ಗೊಣಗು ಬಂತು, ಆಮೇಲೆ ಅದೂ ಇಲ್ಲ.

ಹೊರಗೆ ಮಕ್ಕಳಿಗೆ ಎಡಮಗ್ಗುಲಲ್ಲಿ ಎದ್ದ ದಿನ. ಕೆಂಪು ಲೋಟ ಇಬ್ಬರಿಗೂ ಬೇಕು. ಕೊಟ್ಟರೆ ಹಾಲು ಬೇಡ. ಹಾಲಿಗೆ ಡುಮ್ಮ ಬಾಚಣಿಗೆ ಅದ್ದಿದ, ಗುಬ್ಬಿ ಅವನ ಕೂದಲು ಜಗ್ಗಿದಳು. ಅವನು ಅಕ್ಕನ ಕೈ ಕಚ್ಚಿದ. ಎಲ್ಲವೂ ಸದ್ದಿಲ್ಲದೆ. ಇಬ್ಬರೂ ಬಾಯಿ ಅಗಲಿಸಿ, ಮುಖ ಕೆಂಪಗೆ ಮಾಡಿಕೊಂಡು, ದನಿಯಿಲ್ಲದೆ ಅಳುತ್ತಿದ್ದರು. ನೋಡಿದರೆ ಕರುಳು ಚುರುಕ್ ಎನ್ನಬೇಕಿತ್ತು. ಅವಳಿಗೆ ಇಬ್ಬರ ಬೆನ್ನಿಗೂ ಬಾರಿಸಬೇಕೆನ್ನಿಸಿತು. ಹಲ್ಲು ಕಚ್ಚಿ ತಡೆದುಕೊಂಡಳು.

ಗುಬ್ಬಿ ಗೊಂಬೆ ತರಲು ಅಪ್ಪನ ಕೋಣೆಗೆ ಹೋಗಿ ಬಂದವಳು ಅಮ್ಮನ ಪ್ಯಾಂಟು ಎಳೆದಳು. "ಅಮ್ಮಾ, ಅಪ್ಪ..."

"ಶ್! ಅಪ್ಪ ಮಲಗಿದ್ದಾರೆ."

"ಅಲ್ಲಾ, ಅಪ್ಪ..."

"ಹೇಳಿದ್ದು ಕೇಳಲ್ವಾ? ಒಂದೇ ಒಂದು ದಿನ ನನ್ನ ಪಾಡಿಗೆ ಬಿಡೋಕಾಗಲ್ವಾ ನಿಮ್ಗೆ?" ಪಿಸುಗುಟ್ಟಿಯೇ ಹಲ್ಲು ಕಡಿದಳು. ಗುಬ್ಬಿಯ ತಾಳ್ಮೆ ಮುಗಿಯಿತು. ಕೆಂಪು ಲೋಟ ಎತ್ತಿ, ಅಮ್ಮ ಇಸ್ತ್ರಿ ಮಾಡಿ ಹಾಕಿಕೊಂಡಿದ್ದ ಖಾಕಿ ಅಂಗಿಯ ಮೇಲೆ ಹಾಲು ಚೆಲ್ಲಿದಳು.

ಅವಳು ಮಗುವಿನ ಎರಡೂ ರಟ್ಟೆ ಹಿಡಿದಳು. ಗುಬ್ಬಿ ತುಟಿಯ ಮೇಲೆ ಬೆರಳಿಟ್ಟುಕೊಂಡು, ಗುಟ್ಟು ಹೇಳುವವಳಂತೆ ಹೇಳಿದಳು: "ಅಪ್ಪ ಮಲಗಿಲ್ಲ. ಫೋನಲ್ಲಿ ಆಟ ಆಡ್ತಿದ್ದಾರೆ. ಅಮ್ಮಂಗೆ ಹೇಳ್ಬೇಡ, ಶ್ ಅಂದ್ರು ನಂಗೆ."

ಅವಳು ರಟ್ಟೆ ಬಿಟ್ಟಳು. ತಾನು ಹೊಡೆಯಲಿದ್ದುದು ಯಾರನ್ನು ಎಂದು ನೆನೆದು ಸಿಟ್ಟು ನೆತ್ತಿಗೇರಿತು. ಡುಮ್ಮನನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ನೂಕಿದಳು. ಗಂಡ ಗಡಬಡಿಸಿ ಫೋನನ್ನು ದಿಂಬಿನಡಿ ತಳ್ಳಿದ.

"ಈಗ ತಾನೇ ಎಚ್ಚರ ಆಯ್ತು ಕಣೇ."

"ಸುಳ್ಳು ಹೇಳ್ಬೇಡಿ." ಈ ಮನೆಯಲ್ಲಿ ಇಷ್ಟು ಹೊತ್ತಿಗೆ ಇಷ್ಟು ದೊಡ್ಡ ದನಿ ಎದ್ದದ್ದು ಇದೇ ಮೊದಲು. "ಮಗೂಗೂ ಸುಳ್ಳು ಹೇಳಿಕೊಟ್ಟಿದ್ದೀರಲ್ಲ. ಯಾಕೆ?"

ಅವನು ಮಲಗಿದಲ್ಲೇ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ. "ನೀನು ಪಾಸಾದ್ರೆ ಬೆಳಗಿನ ಜಾವದ ಬಸ್ಸಿಗೆ ಹಾಕ್ತಾರೆ. ಆಮೇಲೆ ದಿನಾ ಇವುಗಳನ್ನ ಯಾರು ನೋಡ್ಕೋತಾರೆ?"

"ಅದನ್ನ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನಿಲ್ತಿದ್ಯಾ?"

"ಇಲ್ಲ."

ಡುಮ್ಮನನ್ನು ಅವನ ಎದೆಯ ಮೇಲೆ ಕೂರಿಸಿದಳು. ಗುಬ್ಬಿಯನ್ನು ಪಕ್ಕದಲ್ಲಿ ಬಿಟ್ಟಳು. ಅಮ್ಮನ ದನಿ ಕೇಳಿ ಬೆಪ್ಪಾಗಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಕಟ್ಟಳೆ ಮುರಿದದ್ದು ಅವರಿಗೂ ತಿಳಿಯಿತೇನೋ, ಮೊದಲು ತಮ್ಮ, ಹಿಂದೆಯೇ ಅಕ್ಕ, ಸೂರು ಹಾರಿಹೋಗುವಂತೆ ಅಳಲು ಶುರುಮಾಡಿದರು.

"ಇವರಿಗೆ ಏನು ಕೊಡ್ಲಿ? ಏನು ಬೇಕು ಇವಕ್ಕೆ?" ಗಂಡ ಕೂಗಿ ಕೇಳಿದ.

"ಅವರನ್ನೇ ಕೇಳಿ."

ಅಂಗಿ ಬದಲಿಸಲು ಹೊತ್ತಿರಲಿಲ್ಲ. ಹಾಲಿನ ಕಲೆಯ ಮೇಲೇ ಬ್ಯಾಡ್ಜು ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಅಳು ಹಿಂದೆಯೇ ಇಳಿದು ಬರುತ್ತಿತ್ತು. ಎರಡು ಸಲ ಕಾಲು ತಡೆಯಿತು, ಎರಡು ಸಲವೂ ಮನಸ್ಸು ಕಲ್ಲು ಮಾಡಿಕೊಂಡಳು. ಕೆಳಗಿನ ಮನೆಯ ಅಜ್ಜಿ ಗಾಬರಿಯಿಂದ ಬಾಗಿಲಿಗೆ ಬಂದಿದ್ದರು.

"ಏನಮ್ಮಾ, ನಿಮ್ಮನೇಲಿ ಮಕ್ಕಳಿದ್ದಾವೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಇವತ್ತು ಹಿಂಗೆ ಅಳ್ತಿವೆ, ಮನೇಲಿ ಯಾರೂ ಇಲ್ವಾ?"

"ಅವರಪ್ಪ ಇದ್ದಾರೆ ಅಜ್ಜಿ," ಎಂದಳು ಅವಳು, ಮೇಲಿನ ಮನೆಗೂ ಕೇಳುವ ಹಾಗೆ. "ಎದ್ದಿದ್ದಾರೆ."